ಮುಕ್ಕಾಲು ಕಪ್ ಸಕ್ಕರೆ

ಹೋದ ವರ್ಷ ಜುಲೈನಲ್ಲಿ ಒಂದು ಸೋಮವಾರ ಬೆಳಿಗ್ಗೆ ಒಬ್ಬ ಹುಡುಗ ನಮ್ಮ ಅಂಗಡಿಗೆ ಬಂದು, ಏನೂ ಮಾತಾಡದೆ ಫೋನನ್ನು ನನ್ನ ಮುಂದೆ ಹಿಡಿದ. ಫೋಟೋದಲ್ಲಿ ಬಟ್ಟೆ ಇಡುವ ಕಪಾಟು. ನೆಲದ ತುಂಬ ಕಂದು ಗಾಜಿನ ಚೂರು. ನೇತು ಹಾಕಿದ್ದ ಕೋಟಿನ ಮೇಲೆ ನೊರೆ ಒಣಗಿದ ಕಲೆ.

"ಮನೆಯಲ್ಲಿ ಮಾಡಿದ ಬಿಯರ್, ಮೂರು ಬಾಟಲಿ ರಾತ್ರಿ ಸಿಡಿದವು. ಉಳಿದದ್ದರಲ್ಲಿ ಯಾವುದು ತೆಗೆದರೂ ಕಾರಂಜಿ. ನೀವು ಹೇಳಿದ ಅಳತೆಯಲ್ಲೇ ಸಕ್ಕರೆ ಹಾಕಿದ್ದೆ" ಎಂದ.

ಹೇಳಿದ್ದು ನಾನೇ. ಚೆನ್ನಾಗಿ ನೆನಪಿತ್ತು.

ನಾನು ತಿಪಟೂರಿನವಳು. ಈಗ ಅಮೆರಿಕದ ಆರೆಗಾನ್ ರಾಜ್ಯದಲ್ಲಿ, ಪೋರ್ಟ್‌ಲ್ಯಾಂಡ್ ಪಕ್ಕದ ಒಂದು ಊರಿನ ದಿನಸಿ ಅಂಗಡಿಯಲ್ಲಿ ಕೆಲಸ. ಮೊದಲ ಎರಡು ವರ್ಷ ತರಕಾರಿ ನೋಡಿಕೊಳ್ಳುತ್ತಿದ್ದೆ. ಬಿಯರ್ ವಿಭಾಗದವನು ಕೆಲಸ ಬಿಟ್ಟು ಹೋದಾಗ ಮ್ಯಾನೇಜರ್ ನನ್ನನ್ನು ಅಲ್ಲಿಗೆ ಹಾಕಿದರು. "ನಾನು ಕುಡಿಯುವುದಿಲ್ಲ" ಅಂದೆ. "ಇನ್ನೂ ಒಳ್ಳೆಯದಾಯಿತು" ಅಂದರು.

ಈ ರಾಜ್ಯದಲ್ಲಿ ವಿಸ್ಕಿ, ರಮ್ಮಿಗೆ ಬೇರೆ ಅಂಗಡಿ. ಬಿಯರ್ ಮತ್ತು ವೈನ್ ಮಾತ್ರ ಹಾಲು, ಬ್ರೆಡ್ಡಿನ ಜೊತೆಗೇ ಸಿಗುತ್ತದೆ. ನಮ್ಮಲ್ಲಿ ಬಿಯರ್ ಸಾಲಿನ ಕೊನೆಗೆ ಇನ್ನೊಂದು ಸಣ್ಣ ಷೆಲ್ಫ್ ಇದೆ. ಮನೆಯಲ್ಲೇ ಬಿಯರ್ ಮಾಡುವವರ ಸಾಮಾನು ಅಲ್ಲಿರುತ್ತದೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಅಂದರೆ ಮಾಲ್ಟ್. ಅದರ ಪಾಕ, ಪುಡಿ. ಕಹಿಗೆ ಹಾಕುವ ಹಾಪ್ಸ್ ಪೊಟ್ಟಣ, ಹುದುಗಿಸುವ ಯೀಸ್ಟ್, ಬಾಟಲಿ ಮುಚ್ಚಳ, ಪಾತ್ರೆ ತೊಳೆಯುವ ದ್ರಾವಣ, ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್.

ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಗಾಬರಿಯಾದರು. "ಮನೇಲಿ ಕಾಯಿಸೋಕೆ ಸಾಮಾನು ಮಾರ್ತೀಯೇನೇ? ಪೊಲೀಸರು ಬರಲ್ವಾ?" ಇಲ್ಲಿ ಬರುವುದಿಲ್ಲ. ಮನೆಯಲ್ಲಿ ಬಿಯರ್ ಮಾಡುವುದಕ್ಕೆ 1978ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿದೆ. ಮನೆಯಲ್ಲಿ ದೊಡ್ಡವರು ಒಬ್ಬರೇ ಇದ್ದರೆ ವರ್ಷಕ್ಕೆ 100 ಗ್ಯಾಲನ್ (ಸುಮಾರು 380 ಲೀಟರ್), ಇಬ್ಬರೋ ಜಾಸ್ತಿಯೋ ಇದ್ದರೆ 200 ಗ್ಯಾಲನ್. ಮಾರುವ ಹಾಗಿಲ್ಲ, ಕುಡಿಯಬಹುದು. ಭಟ್ಟಿ ಇಳಿಸುವುದಕ್ಕೆ ಆ ಕಾನೂನಿನಲ್ಲಿ ಜಾಗವಿಲ್ಲ. ಇಷ್ಟೆಲ್ಲ ಹೇಳಿದ ಮೇಲೂ ಅಮ್ಮ ಊರಲ್ಲಿ ಕೇಳಿದವರಿಗೆ ನಾನು ಇನ್ನೂ ತರಕಾರಿಯಲ್ಲೇ ಇದ್ದೇನೆ ಅಂತಲೇ ಹೇಳುತ್ತಾರೆ.

ಸರಿ, ಸಕ್ಕರೆಗೆ ಬರುತ್ತೇನೆ.

ಬಿಯರ್ ಹುದುಗಿ ಮುಗಿದ ಮೇಲೆ ಅದರಲ್ಲಿ ಗ್ಯಾಸ್ ಅಷ್ಟಾಗಿ ಉಳಿದಿರುವುದಿಲ್ಲ. ಬಾಟಲಿಗೆ ತುಂಬುವ ಮುಂಚೆ ಸ್ವಲ್ಪ ಸಕ್ಕರೆ ಕರಗಿಸಿ ಬೆರೆಸುತ್ತಾರೆ. ಬಿಯರಿನಲ್ಲಿ ಉಳಿದಿರುವ ಯೀಸ್ಟ್ ಅದನ್ನು ತಿಂದು ಗ್ಯಾಸ್ ಬಿಡುತ್ತದೆ. ಮುಚ್ಚಳ ಬಿಗಿಯಾಗಿರುವುದರಿಂದ ಗ್ಯಾಸ್ ಬಿಯರಿನಲ್ಲೇ ಕೂರುತ್ತದೆ. ಇಲ್ಲಿಯವರು ಇದಕ್ಕೆ ಕಾರ್ನ್ ಶುಗರ್ ಬಳಸುತ್ತಾರೆ. ಮೆಕ್ಕೆಜೋಳದಿಂದ ಮಾಡಿದ ಗ್ಲೂಕೋಸ್ ಪುಡಿ ಅದು. ನನಗಿಂತ ಮೊದಲಿದ್ದವನು ಷೆಲ್ಫಿಗೆ ಒಂದು ಚೀಟಿ ಅಂಟಿಸಿ ಹೋಗಿದ್ದ: ಐದು ಗ್ಯಾಲನ್ನಿಗೆ ಮುಕ್ಕಾಲು ಕಪ್ ಕಾರ್ನ್ ಶುಗರ್.

ಆ ಹುಡುಗ ಮೊದಲ ಸಲ ಬಂದ ದಿನ ಕಾರ್ನ್ ಶುಗರ್ ಖಾಲಿಯಾಗಿತ್ತು. ಅವತ್ತೇ ಬಾಟಲಿಗೆ ತುಂಬಬೇಕು ಎಂದ. "ಸಕ್ಕರೆ ಸಕ್ಕರೆಯೇ ಅಲ್ವಾ, ಬೇಕಿಂಗ್ ಸಾಲಿನಲ್ಲಿ ಮಾಮೂಲಿ ಸಕ್ಕರೆ ಇದೆ. ಅದನ್ನೇ ಮುಕ್ಕಾಲು ಕಪ್ ಹಾಕಿ" ಅಂದುಬಿಟ್ಟೆ. ಧೈರ್ಯವಾಗಿಯೇ ಅಂದೆ. ಒಂದು ಮಾತು ಕೇಳಲಿಲ್ಲ.

ಫೋಟೋ ನೋಡಿದ ಮೇಲೆ ಊಟದ ಬಿಡುವಿನಲ್ಲಿ ಎರಡು ಸಕ್ಕರೆಯನ್ನೂ ಹಿಂದಿನ ಕೋಣೆಯ ತಕ್ಕಡಿಯ ಮೇಲೆ ಇಟ್ಟೆ. ಮುಕ್ಕಾಲು ಕಪ್ ಕಾರ್ನ್ ಶುಗರ್ ಸುಮಾರು 115 ಗ್ರಾಂ ಬಂತು. ಅದೇ ಕಪ್ಪಿನಲ್ಲಿ ಮಾಮೂಲಿ ಸಕ್ಕರೆ 150 ಗ್ರಾಂ. ಕಾರ್ನ್ ಶುಗರ್ ನಯವಾದ ಪುಡಿ, ಕಪ್ಪಿನಲ್ಲಿ ಗಾಳಿಯೇ ಜಾಸ್ತಿ. ಅದರಲ್ಲಿ ಸ್ವಲ್ಪ ನೀರಿನ ಅಂಶವೂ ಸೇರಿರುತ್ತದೆ. ಹಾಗಾಗಿ ತೂಕ ಸಮ ಇದ್ದರೂ ಮಾಮೂಲಿ ಸಕ್ಕರೆಯಿಂದ ಗ್ಯಾಸ್ ಜಾಸ್ತಿ ಬರುತ್ತದೆ. ಇದು ಒಂದು. ಇನ್ನೊಂದು ಅವನನ್ನು ಕೇಳಿದಾಗ ಗೊತ್ತಾಯಿತು. ತಳದಲ್ಲಿ ಕೂತ ಗಸಿಯನ್ನು ಬಿಟ್ಟು ಬಗ್ಗಿಸಿಕೊಂಡಾಗ ಅವನಿಗೆ ಸಿಕ್ಕಿದ್ದು ಐದು ಗ್ಯಾಲನ್ ಅಲ್ಲ, ನಾಲ್ಕು. ನಾಲ್ಕು ಗ್ಯಾಲನ್ನಿಗೆ ಐದರ ಅಳತೆ, ಅದೂ ತಪ್ಪು ಸಕ್ಕರೆಯಲ್ಲಿ. ಮೂರನೆಯದು, ಏರ್‌ಲಾಕಿನಲ್ಲಿ (ಒಳಗಿನ ಗ್ಯಾಸನ್ನು ಮಾತ್ರ ಹೊರಗೆ ಬಿಡುವ ಬಿರಡೆ) ಗುಳ್ಳೆ ನಿಂತಿತು ಅಂತ ಏಳನೇ ದಿನಕ್ಕೇ ಬಾಟಲಿಗೆ ತುಂಬಿದ್ದ. ಗುಳ್ಳೆ ನಿಂತ ಮಾತ್ರಕ್ಕೆ ಹುದುಗುವುದು ನಿಂತಿತು ಅಂತಲ್ಲ. ಹೈಡ್ರೋಮೀಟರನ್ನು ಬಿಯರಿನಲ್ಲಿ ತೇಲಿಬಿಟ್ಟು ನೋಡಬೇಕು. ಸಾಂದ್ರತೆ ಶುರುವಿನಲ್ಲಿ 1.050 ಇದ್ದದ್ದು 1.010ರ ಹತ್ತಿರ ಇಳಿದು, ಎರಡು ಮೂರು ದಿನ ಅಲ್ಲೇ ನಿಂತರೆ ಮುಗಿಯಿತು ಅಂತ ಲೆಕ್ಕ. ಮೇಲೆ ಜುಲೈ ಸೆಕೆ, ಮುಚ್ಚಿದ ಕಪಾಟು.

ಇಷ್ಟಕ್ಕೆ ಬಾಟಲಿ ಸಿಡಿಯದೆ ಇನ್ನೇನಾಗುತ್ತದೆ?

ನನಗೆ ನಾಚಿಕೆಯಾದದ್ದು ಬಿಯರ್ ವಿಷಯ ಗೊತ್ತಿಲ್ಲದ್ದಕ್ಕಲ್ಲ. ಈ ಅಳತೆಯ ವಿಷಯ ನನಗೆ ಗೊತ್ತೇ ಇತ್ತು. ಅಜ್ಜಿ ಸೇರು, ಪಾವಿನಲ್ಲಿ ಅಳೆಯುತ್ತಿದ್ದವರು. ಒಂದು ಸೇರು ರಾಗಿಯ ಭಾರವೂ ಒಂದು ಸೇರು ಅವಲಕ್ಕಿಯ ಭಾರವೂ ಒಂದೇ ಅಲ್ಲ ಅಂತ ನಮ್ಮ ಮನೆಯಲ್ಲಿ ಮಕ್ಕಳಿಗೂ ಗೊತ್ತು. ಉಬ್ಬುವುದರ ವಿಷಯವೂ ಹೊಸದಲ್ಲ. ಬೇಸಿಗೆಯಲ್ಲಿ ದೋಸೆ ಹಿಟ್ಟನ್ನು ಬಿಗಿ ಡಬ್ಬಿಯಲ್ಲಿ ಮುಚ್ಚಿಟ್ಟು, ಬೆಳಿಗ್ಗೆ ಮುಚ್ಚಳ ಹಾರಿ ಕಟ್ಟೆಯೆಲ್ಲ ಹಿಟ್ಟಾದದ್ದನ್ನು ನಾನೇ ಒರೆಸಿದ್ದೇನೆ. ಚಳಿಗಾಲದಲ್ಲಿ ಇಲ್ಲಿ ಹಿಟ್ಟು ಏಳುವುದೇ ಇಲ್ಲ ಅಂತ ಓವನ್ ಒಳಗೆ ದೀಪ ಹಾಕಿ ಇಡುವವಳೂ ನಾನೇ. ಆದರೆ ಅಂಗಡಿಯ ಏಪ್ರನ್ ಹಾಕಿಕೊಂಡ ತಕ್ಷಣ ಅದೆಲ್ಲ ಮನೆಯ ವಿಷಯ, ಇದು ಬೇರೆ ಅನ್ನಿಸಿಬಿಟ್ಟಿತ್ತು. ಚೀಟಿಯಲ್ಲಿ ಬರೆದದ್ದನ್ನು ಓದಿ ಹೇಳಿದೆ, ಅಷ್ಟೇ.

ಆ ಹುಡುಗನಿಗೆ ಅವತ್ತು ಹೇಳಿದ್ದು ಇಷ್ಟು: ಉಳಿದ ಬಾಟಲಿಗಳನ್ನು ಕೈಗವಸು, ಕಣ್ಣಿಗೆ ಕನ್ನಡಕ ಹಾಕಿಕೊಂಡು ಫ್ರಿಜ್ಜಿಗೆ ಸೇರಿಸಿ. ಪೂರ್ತಿ ತಣ್ಣಗಾದ ಮೇಲೆ ಸಿಂಕಿನಲ್ಲಿ ಹಿಡಿದು ಮುಚ್ಚಳ ನಿಧಾನಕ್ಕೆ ಸಡಿಲಿಸಿ. ಅವನ ದುಡ್ಡು ವಾಪಸ್ ಕೊಡಿಸಲು ಮ್ಯಾನೇಜರ್ ಮುಂದೆ ನಿಂತು ನನ್ನದೇ ತಪ್ಪು ಅಂತ ಹೇಳಬೇಕಾಯಿತು. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಕೊಟ್ಟರು. ಸಂಜೆ ಆ ಚೀಟಿ ಕಿತ್ತು ಹಾಕಿ ಗ್ರಾಂ ಲೆಕ್ಕದಲ್ಲಿ ಬೇರೆ ಬರೆದೆ. ಪಕ್ಕದಲ್ಲೇ ಅಡುಗೆ ಮನೆಯ ಪುಟ್ಟ ತಕ್ಕಡಿಗಳನ್ನು ತಂದು ನೇತು ಹಾಕಿದೆ. ಅವೂ ಮಾರಾಟವಾಗುತ್ತಿವೆ, ಅದು ಬೇರೆ ಮಾತು.

ಷೆಲ್ಫನ್ನು ಸರಿಯಾಗಿ ನೋಡಲು ಶುರು ಮಾಡಿದ್ದು ಆಮೇಲೆ. ನೋಡಿದರೆ ಅದು ಕೋಳಿ ಸುಡುವ ಯಂತ್ರದ ಬೆನ್ನಿಗೇ ಇತ್ತು. ಕೈ ಇಟ್ಟರೆ ಬೆಚ್ಚಗೆ. ಅಲ್ಲಿ ಹಾಪ್ಸ್, ಅಲ್ಲಿ ಯೀಸ್ಟ್! ಹಾಪ್ಸ್ ಒಂದು ಬಳ್ಳಿಯ ಹೂವು. ಕಹಿ ಅದರದ್ದೇ, ವಾಸನೆಯೂ ಅದರದ್ದೇ. ಬಿಸಿ ಮತ್ತು ಗಾಳಿ ತಾಗಿದರೆ ವಾಸನೆ ಹೋಗಿ ಹಳೇ ಚೀಸಿನ ಹಾಗೆ ನಾರುತ್ತದೆ. ಅಮೆರಿಕದ ಹಾಪ್ಸಿನಲ್ಲಿ ಬಹುಪಾಲು ಬೆಳೆಯುವುದು ಪಕ್ಕದ ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆಯಲ್ಲಿ. ಎಲ್ಲರೂ ಕೇಳುವ ಕ್ಯಾಸ್ಕೇಡ್ ಅನ್ನುವ ತಳಿ ನಮ್ಮ ಆರೆಗಾನಿನ ಕೊರ್ವಾಲಿಸ್‌ನಲ್ಲೇ ಹುಟ್ಟಿದ್ದು, 1972ರಲ್ಲಿ ಬಿಡುಗಡೆಯಾಯಿತು. ಕೊರ್ವಾಲಿಸ್ ಇಲ್ಲಿಂದ ಒಂದೂವರೆ ಗಂಟೆ ದಾರಿ. ಇಷ್ಟು ಹತ್ತಿರದಿಂದ ಬಂದ ಸರಕನ್ನು ನಾವು ಕೋಳಿಯ ಶಾಖದಲ್ಲಿ ಕೆಡಿಸುತ್ತಿದ್ದೆವು.

ಒಣ ಯೀಸ್ಟ್ ಸ್ವಲ್ಪ ತಡೆಯುತ್ತದೆ. ದ್ರವ ಯೀಸ್ಟ್ ತಡೆಯುವುದಿಲ್ಲ, ಅದಕ್ಕೆ ಫ್ರಿಜ್ಜೇ ಬೇಕು. ಹಾಗಿದ್ದೂ ತಿಂಗಳುಗಟ್ಟಲೆ ಇಟ್ಟರೆ ಸೊರಗುತ್ತದೆ. ಮೊಸರಿನ ಹೆಪ್ಪು ಎಷ್ಟು ದಿನ ಇಡುತ್ತೀರಿ ಹೇಳಿ. ಡೈರಿ ಕೂಲರಿನಲ್ಲಿ ಒಂದು ಅಡಿ ಜಾಗ ಕೇಳಿದೆ. ಡೈರಿಯವಳಿಗೆ ಇಷ್ಟವಿರಲಿಲ್ಲ. ಮೂರು ವಾರ ಬೆಣ್ಣೆ ಹಚ್ಚಿದ ಮೇಲೆ ಬೆಣ್ಣೆಯ ಪಕ್ಕವೇ ಜಾಗ ಸಿಕ್ಕಿತು.

ತಾರೀಖಿನ ವಿಷಯದಲ್ಲೂ ಎಡವಿದ್ದೇನೆ. ನಮಗೆ 04/03 ಅಂದರೆ ಮಾರ್ಚ್ 4. ಇಲ್ಲಿಯವರಿಗೆ ಅದು ಏಪ್ರಿಲ್ 3. ಬೆಲ್ಜಿಯಂ, ಜರ್ಮನಿಯಿಂದ ಬಂದ ಬಾಟಲಿಯಲ್ಲಿ ಮತ್ತೆ ನಮ್ಮ ಲೆಕ್ಕ. ಕೆಲವು ಕ್ಯಾನಿನ ತಳದಲ್ಲಿ ತಿಂಗಳೇ ಇರುವುದಿಲ್ಲ. 064 ಅಂತ ಇದ್ದರೆ ವರ್ಷದ ಅರವತ್ತನಾಲ್ಕನೇ ದಿನ. ಕೆಲವರು ತುಂಬಿದ ದಿನ ಹಾಕುತ್ತಾರೆ, ಕೆಲವರು ಇಷ್ಟರೊಳಗೆ ಕುಡಿಯಿರಿ ಅಂತ. ಮೊದಲ ತಿಂಗಳು ನಾನು ಹೊಸ ಐಪಿಎ ಕ್ಯಾನ್‌ಗಳನ್ನು ಮುಂದಿಟ್ಟು ಹಳೆಯದನ್ನು ಹಿಂದೆ ತಳ್ಳಿದ್ದೆ. ಐಪಿಎ ಅಂದರೆ ಹಾಪ್ಸ್ ಜಾಸ್ತಿ ಹಾಕಿದ ಬಿಯರ್. ಮೂರು ತಿಂಗಳು ದಾಟಿದರೆ ಅದರ ಸೊಗಸು ಅರ್ಧ ಹೋಗಿರುತ್ತದೆ. ಈಗ ಕೊಳ್ಳುವವರಿಗೂ ಹೇಳುತ್ತೇನೆ: ಚಿತ್ರ ನೋಡಬೇಡಿ, ಕ್ಯಾನ್ ತಿರುಗಿಸಿ ತಳ ನೋಡಿ. ಕರಿ ಬಿಯರ್, ಜಾಸ್ತಿ ಅಮಲಿನ ಬಿಯರ್‌ಗೆ ಈ ಅವಸರವಿಲ್ಲ.

ಇನ್ನೊಂದು ವಿಚಿತ್ರ ಗಿರಾಕಿ ಜಾತಿ ಇದೆ. ಅವರು ಬಿಯರ್ ಕೊಳ್ಳುವುದು ಬಾಟಲಿಗೋಸ್ಕರ. ಐದು ಗ್ಯಾಲನ್ ಅಂದರೆ ಸುಮಾರು 19 ಲೀಟರ್. ಅದಕ್ಕೆ 12 ಔನ್ಸಿನ (ಸುಮಾರು 355 ಮಿ.ಲೀ.) ಬಾಟಲಿ ಸುಮಾರು ಐವತ್ತು ಬೇಕು. ಖಾಲಿ ಬಾಟಲಿ ಕೊಳ್ಳುವ ಬದಲು ಒಳ್ಳೆ ಬಿಯರಿನ ಎರಡು ಕೇಸ್ (24 ಬಾಟಲಿಯ ಪೆಟ್ಟಿಗೆ) ಕೊಂಡು, ಕುಡಿದು, ತೊಳೆದು ಇಟ್ಟುಕೊಳ್ಳುತ್ತಾರೆ. ಅವರಿಗೆ ನಾನು ಎರಡು ಮಾತು ಹೇಳುತ್ತೇನೆ. ಕಂದು ಗಾಜಿನದ್ದನ್ನೇ ತಗೊಳ್ಳಿ. ಹಸಿರು, ಬಿಳಿ ಗಾಜಿನಲ್ಲಿ ಬೆಳಕು ಒಳಗೆ ಹೋಗಿ ಹಾಪ್ಸಿನ ಕಹಿಯನ್ನು ಕೆಡಿಸಿ ದುರ್ವಾಸನೆ ಎಬ್ಬಿಸುತ್ತದೆ. ತಿರುಗಿಸಿ ತೆಗೆಯುವ ಮುಚ್ಚಳದ ಬಾಟಲಿ ಬೇಡ, ಮನೆಯ ಯಂತ್ರದಲ್ಲಿ ಮತ್ತೆ ಮುಚ್ಚಿದರೆ ಅದು ಸರಿಯಾಗಿ ಕೂರುವುದಿಲ್ಲ. ಬಾಟಲಿ ವಾಪಸ್ ತಂದರೆ ಒಂದಕ್ಕೆ 10 ಸೆಂಟ್ ಸಿಗುತ್ತದೆ. 1971ರಲ್ಲಿ ಇಂಥ ಕಾನೂನು ಮಾಡಿದ ಮೊದಲ ರಾಜ್ಯ ಆರೆಗಾನ್. ಆಗ 5 ಸೆಂಟ್ ಇದ್ದದ್ದು 2017ರಲ್ಲಿ 10 ಆಯಿತು. ಆ ದುಡ್ಡು ಇವರು ಬಿಟ್ಟುಕೊಡುತ್ತಾರೆ. ಈಗ ಹೆಚ್ಚಿನ ಕ್ರಾಫ್ಟ್ ಬಿಯರ್ (ಸಣ್ಣ ಬ್ರೂವರಿಗಳದ್ದು) ಕ್ಯಾನಿಗೆ ಹೋಗಿರುವುದರಿಂದ ಒಳ್ಳೆ ಬಾಟಲಿಯ ಬಿಯರ್ ಬಂದರೆ ಇವರಿಗೆ ಹಬ್ಬ. ಸಿಯೆರಾ ನೆವಾಡಾ ಪೇಲ್ ಏಲ್ ಇವರಿಗೆಲ್ಲ ಅಚ್ಚುಮೆಚ್ಚು. ಕ್ಯಾಸ್ಕೇಡ್ ಹಾಪ್ಸಿಗೆ ಹೆಸರು ತಂದ ಬಿಯರ್ ಅದು. ಮಾಡಿದ ಕೆನ್ ಗ್ರಾಸ್‌ಮನ್ ಬ್ರೂವರಿ ಕಟ್ಟುವ ಮುಂಚೆ ಕ್ಯಾಲಿಫೋರ್ನಿಯಾದ ಚೀಕೋ ಊರಿನಲ್ಲಿ ಇದೇ ಸಾಮಾನಿನ ಅಂಗಡಿ ಇಟ್ಟಿದ್ದರು. ಇದು ಗೊತ್ತಾದ ದಿನ ನನ್ನ ಷೆಲ್ಫನ್ನು ಸ್ವಲ್ಪ ಬೇರೆ ಕಣ್ಣಿನಿಂದ ನೋಡಿದೆ.

ಕೌಂಟರಿನ ಕಥೆ ಬೇರೆಯೇ ಬರೆಯಬಹುದು. ಒಂದನ್ನು ಹೇಳಿ ಬಿಡುತ್ತೇನೆ. ಇಲ್ಲಿ 21 ತುಂಬದವರಿಗೆ ಬಿಯರ್ ಇಲ್ಲ. ನಮ್ಮ ಅಂಗಡಿಯಲ್ಲಂತೂ ವಯಸ್ಸು ಎಷ್ಟೇ ಕಾಣಲಿ, ಗುರುತಿನ ಚೀಟಿ ತೋರಿಸಲೇಬೇಕು. ಮಗನ ಮನೆಗೆ ಬಂದಿದ್ದ ನಮ್ಮ ಕಡೆಯ ಹಿರಿಯರೊಬ್ಬರು ಪಾಸ್‌ಪೋರ್ಟ್ ಮನೆಯಲ್ಲಿ ಬಿಟ್ಟು ಬಂದಿದ್ದರು. ನನ್ನ ಹೆಸರಿನ ಚೀಟಿ ಓದಿ ಕನ್ನಡದಲ್ಲೇ ಶುರು ಮಾಡಿದರು. "ಏನಮ್ಮಾ, ಈ ತಲೆ ನೋಡಿದ್ರೆ ಇಪ್ಪತ್ತೊಂದು ಆಗಿದೆ ಅಂತ ಗೊತ್ತಾಗಲ್ವಾ?" "ಗೊತ್ತಾಗುತ್ತೆ ಅಂಕಲ್, ಯಂತ್ರಕ್ಕೆ ಗೊತ್ತಾಗಲ್ಲ" ಅಂದೆ. ಅವರ ಹಿಂದೆ ನಿಂತಿದ್ದವನು ಹತ್ತು ಕಿಲೋ ಮಾಲ್ಟ್, ಹಾಪ್ಸ್, ಯೀಸ್ಟ್ ಇಟ್ಟ. ಯಂತ್ರ ಅವನ ವಯಸ್ಸು ಕೇಳಲಿಲ್ಲ. "ನೋಡಮ್ಮಾ, ಒಂದು ಬಾಟಲಿಗೆ ನನ್ನ ನಿಲ್ಲಿಸ್ತೀಯ, ಐವತ್ತು ಬಾಟಲಿ ಮಾಡೋನನ್ನ ಬಿಡ್ತೀಯ" ಅಂದರು. ಉತ್ತರ ಇರಲಿಲ್ಲ. ಇಬ್ಬರೂ ನಕ್ಕೆವು.

ಈಗ ಯಾರಾದರೂ ಆ ಷೆಲ್ಫಿನ ಮುಂದೆ ನಿಂತರೆ ಏನು ಬೇಕು ಅಂತ ಮೊದಲು ಕೇಳುವುದಿಲ್ಲ. ಮನೆಯಲ್ಲಿ ಈಗ ಏನಿದೆ, ಎಷ್ಟಿದೆ, ಎಲ್ಲಿ ಇಟ್ಟಿದ್ದೀರಿ ಅಂತ ಕೇಳುತ್ತೇನೆ. ಬೇಸಿಗೆಯಲ್ಲಿ ಲಾಗರ್, ಅಂದರೆ ತಂಪಿನಲ್ಲಿ ಹುದುಗುವ ಬಿಯರಿನ, ಯೀಸ್ಟ್ ಕೈಗೆತ್ತಿಕೊಂಡವರ ಹತ್ತಿರ, ಅದನ್ನು ಹತ್ತು ಹನ್ನೆರಡು ಡಿಗ್ರಿಯಲ್ಲಿ ಇಡಲು ಬೇರೆ ಫ್ರಿಜ್ ಇದೆಯಾ ಅಂತ ಕೇಳಿದರೆ ಅರ್ಧ ಜನ ಪೊಟ್ಟಣ ವಾಪಸ್ ಇಡುತ್ತಾರೆ. ಅವತ್ತಿನ ಮಾರಾಟ ಹೋಯಿತು ನಿಜ. ಒಪ್ಪುವವರಿಗೆ ಅದರ ಬದಲು ಏಲ್ ಅನ್ನುವ ಬಗೆಯ ಬಿಯರಿನ ಯೀಸ್ಟ್ ಕೊಡುತ್ತೇನೆ, ಅದಕ್ಕೆ ಹದಿನೆಂಟು ಇಪ್ಪತ್ತು ಡಿಗ್ರಿ ಸಾಕು.

ಬಾಟಲಿ ಸಿಡಿಸಿಕೊಂಡ ಹುಡುಗ ಸೆಪ್ಟೆಂಬರಿನಲ್ಲಿ ಮತ್ತೆ ಬಂದ. ಬೆಲ್ಜಿಯಂ ಕಡೆಯ ಗೋಧಿ ಬಿಯರ್ ಮಾಡಬೇಕಂತೆ. ಅದಕ್ಕೆ ಒಣಗಿದ ಕಿತ್ತಳೆ ಸಿಪ್ಪೆ ಮತ್ತು ಕೊತ್ತಂಬರಿ ಬೀಜ ಬೇಕು. ಕೊತ್ತಂಬರಿ ಬೀಜ ಅಂದ ತಕ್ಷಣ ನನಗೆ ಜೀವ ಬಂತು. ಮಸಾಲೆ ಸಾಲಿನ ಪುಟ್ಟ ಸೀಸೆಯ ಪುಡಿ ಬೇಡ ಅಂತ ಕೈ ತಡೆದೆ. ಭಾರತದ ಸಾಮಾನಿನ ಸಾಲಿಗೆ ಕರೆದುಕೊಂಡು ಹೋಗಿ ನಮ್ಮ ಧನಿಯಾ ತೋರಿಸಿದೆ. ದುಂಡಗಿರದೆ ಸ್ವಲ್ಪ ಉದ್ದಕ್ಕೆ, ಹಳದಿ ಬಣ್ಣಕ್ಕೆ ಇರುತ್ತದಲ್ಲ, ಅದು. ಎರಡು ಬೀಜ ಅಂಗೈಯಲ್ಲಿ ಉಜ್ಜಿ ಮೂಸಲು ಕೊಟ್ಟೆ. ನಿಂಬೆಯ ಹಾಗೆ ಇದೆ ಎಂದ. ಕುದಿ ಮುಗಿಯುವ ಹೊತ್ತಿಗೆ ಕುಟ್ಟಿ ಹಾಕಿ, ಮೊದಲೇ ಕುಟ್ಟಿಡಬೇಡಿ, ಐದು ಗ್ಯಾಲನ್ನಿಗೆ 15 ಗ್ರಾಂನಿಂದ ಶುರು ಮಾಡಿ ಅಂದೆ.

"ಅದು ಕಪ್ಪಿನಲ್ಲಿ ಎಷ್ಟು?" ಎಂದ.

ನಾನು ನೋಡಿದ ನೋಟಕ್ಕೆ ಅವನೇ ನಗುತ್ತಾ ಹೋಗಿ, ನೇತು ಹಾಕಿದ್ದ ತಕ್ಕಡಿಯೊಂದನ್ನು ಬುಟ್ಟಿಗೆ ಹಾಕಿಕೊಂಡ.