ಬಾಗಿಲ ಬಳಿಯ ಚಪ್ಪಲಿ

ನನ್ನ ಮೊದಲ ಕಾದಂಬರಿಯ ಕರಡನ್ನು ಬಂಗಾರಪೇಟೆಯ ಗೆಳತಿಗೆ ಓದಲು ಕೊಟ್ಟಿದ್ದೆ. ಒಂದನೇ ಕ್ಲಾಸಿನಿಂದ ಜೊತೆಗೆ ಓದಿದವಳು. ಮೂರನೇ ದಿನ ಫೋನ್ ಮಾಡಿ, "ಭಾನುವಾರ ಮನೆಗೆ ಬಾ" ಅಂದಳು. ಹೇಗಿದೆ ಅಂತ ಹೇಳಲೇ ಇಲ್ಲ.

ಆ ಕಾದಂಬರಿಯಲ್ಲಿ ಒಬ್ಬ ತಂದೆ ಇದ್ದಾನೆ. ರಾತ್ರಿ ಮಲಗೋ ಮುಂಚೆ ಬಾಗಿಲ ಬಳಿ ಬಗ್ಗಿ ಮನೆಯವರ ಚಪ್ಪಲಿ ಎಣಿಸುತ್ತಾನೆ. ಒಂದು ಜೊತೆ ಕಮ್ಮಿಯಾದರೂ ಅವನಿಗೆ ನಿದ್ದೆ ಬರುವುದಿಲ್ಲ. ಅವನ ಅಪ್ಪ ಕೆಜಿಎಫ್ ಗಣಿಯಲ್ಲಿ ಸತ್ತಿರುತ್ತಾನೆ. ಆ ಸಾವನ್ನು ಬರೆಯಲು ನಾನು ತುಂಬಾ ಓದಿದ್ದೆ. ಚಾಂಪಿಯನ್ ರೀಫ್ ಗಣಿಯ ಆಳ 3 ಕಿಲೋಮೀಟರಿಗೂ ಜಾಸ್ತಿ. ಅಷ್ಟು ಕೆಳಗೆ ಮೇಲಿನ ಭಾರಕ್ಕೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುತ್ತಿತ್ತು. ಗಣಿಯವರು ಅದನ್ನು ರಾಕ್ ಬರ್ಸ್ಟ್ ಅನ್ನುತ್ತಿದ್ದರು. 2001ರಲ್ಲಿ ಗಣಿ ಮುಚ್ಚುವವರೆಗೂ ಆ ಭಯ ಇತ್ತು. ಇದನ್ನೆಲ್ಲ ಸೇರಿಸಿ ನಲವತ್ತು ಪುಟ ಬರೆದಿದ್ದೆ.

ಹೋಗಿ ಕೂತ ತಕ್ಷಣ ಅವಳು ಕೇಳಿದ್ದು ಒಂದೇ. "ಚಪ್ಪಲಿ ಎಣಿಸೋದು ನಮ್ಮಪ್ಪ ಅಲ್ವೇನೇ?"

ಹೌದು. ಚಿಕ್ಕಂದಿನಲ್ಲಿ ಅವರ ಮನೆಯಲ್ಲಿ ಮಲಗಿದಾಗ ನೋಡಿದ್ದೆ. ನನ್ನ ಚಪ್ಪಲಿಯನ್ನೂ ಸೇರಿಸಿ ಎಣಿಸುತ್ತಿದ್ದರು. ಬರೆಯುವ ಮುಂಚೆ ಅವಳನ್ನು ಒಂದು ಮಾತು ಕೇಳಬೇಕಿತ್ತು. ಕೇಳಿರಲಿಲ್ಲ. ತಲೆ ತಗ್ಗಿಸಿದೆ.

"ನಮ್ಮ ತಾತ ಗಣೀಲಿ ಸಾಯಲಿಲ್ಲ ಕಣೇ. ಬಿಟ್ಟು ಹೋದ್ರು. ಅಪ್ಪನಿಗೆ ಆಗ ಒಂಬತ್ತು ವರ್ಷ. ಬೆಳಿಗ್ಗೆ ಎದ್ದು ನೋಡಿದ್ರೆ ಬಾಗಿಲ ಹತ್ರ ತಾತನ ಚಪ್ಪಲಿ ಇಲ್ಲ. ಅಜ್ಜಿ ಕೆಜಿಎಫ್ ಬಿಟ್ಟು ಇಲ್ಲಿಗೆ ಬಂದ್ಮೇಲೆ, ಗಣೀಲಿ ಸತ್ರು ಅಂತ ಎಲ್ಲರಿಗೂ ಹೇಳಿಬಿಟ್ರು. ನನಗೂ ಅಮ್ಮ ಹೇಳಿದ್ದೇ ನನ್ನ ಮದುವೆ ಆದ್ಮೇಲೆ."

ಸ್ವಲ್ಪ ಹೊತ್ತು ಬಿಟ್ಟು, "ಈಗ ನಾನೂ ಎಣಿಸ್ತೀನಿ. ಮಗ ಟ್ಯೂಷನ್‌ನಿಂದ ಹತ್ತು ನಿಮಿಷ ಲೇಟಾದ್ರೆ ಕೈ ನಡುಗುತ್ತೆ" ಅಂದಳು. ಮೂವತ್ತು ವರ್ಷದ ಸ್ನೇಹ ನಮ್ಮದು. ಇದು ನನಗೆ ಗೊತ್ತೇ ಇರಲಿಲ್ಲ.

"ತೆಗೆದುಬಿಡ್ತೀನಿ" ಅಂದೆ.

"ನನ್ನನ್ನಲ್ಲ, ಅಪ್ಪನ್ನ ಕೇಳು."

ಅಂಕಲ್ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಪಕ್ಕದಲ್ಲಿ ಕೂತು ಚಪ್ಪಲಿಯ ಆ ಪುಟವನ್ನು ಓದಿದೆ. ಗಂಟಲು ಕಟ್ಟುತ್ತಿತ್ತು. ಅರ್ಧಕ್ಕೆ ಬರುವಷ್ಟರಲ್ಲಿ ಅವರ ಕೈ ನಿಂತಿತು. ಓದಿ ಮುಗಿಸಿದರೂ ಮಾತಿಲ್ಲ. ಒಂದು ಕಾಯಿ ಬೆರಳ ನಡುವೆ ಹಾಗೇ ಇತ್ತು, ಅರ್ಧ ಬಿಚ್ಚಿಕೊಂಡು.

"ಎಡಗಾಲಿಂದು ಬಾರು ಕಿತ್ತಿತ್ತಮ್ಮ" ಅಂದರು ಕೊನೆಗೆ. "ಪಿನ್ನು ಹಾಕ್ಕೊಂಡಿದ್ರು. ಅದ್ರಲ್ಲಿ ಎಷ್ಟು ದೂರ ನಡೆದ್ರೋ ಅಂತ ಇವತ್ತಿಗೂ ಯೋಚನೆ ಬರುತ್ತೆ. ಅದನ್ನೂ ಬರಿ."

ಗೆಳತಿ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ಅವಳ ಅಪ್ಪ ಅವಳ ಎದುರಿಗೆ ತಾತನ ಮಾತು ಎತ್ತಿದ್ದು ಅದೇ ಮೊದಲು.

ಗಣಿಯ ನಲವತ್ತು ಪುಟ ಈಗ ಕಾದಂಬರಿಯಲ್ಲಿಲ್ಲ. ಆ ಅಧ್ಯಾಯವನ್ನು ಹೊಸದಾಗಿ ಬರೆದು, ಭಾನುವಾರ ಹೋಗಿ ಅಂಕಲ್‌ಗೆ ಓದಿ ಹೇಳುತ್ತಿದ್ದೇನೆ. ಹೋದ ವಾರ ಚಪ್ಪಲಿಯ ಬಣ್ಣ ತಿದ್ದಿಸಿದರು. ಕಪ್ಪಲ್ಲವಂತೆ, ಕಂದು.