ಕೋಲಾಡಿಸುವ ಮನುಷ್ಯನಿಗೆ ಚಪ್ಪಾಳೆ ಯಾಕೆ?

ಪಾಶ್ಚಾತ್ಯ ಸಂಗೀತದ ವಿಡಿಯೊ ಯಾರಿಗೆ ತೋರಿಸಿದರೂ ಇದೇ ಪ್ರಶ್ನೆ: "ಮುಂದೆ ನಿಂತು ಕೋಲಾಡಿಸುವವನು ಒಂದು ಸ್ವರವನ್ನೂ ನುಡಿಸಲ್ಲ. ಮತ್ತೆ ಚಪ್ಪಾಳೆ ಅವನಿಗೆ ಯಾಕೆ?" ಕಚೇರಿ ಕೇಳಿ ಬೆಳೆದವರಿಗೆ ಈ ಅನುಮಾನ ಸಹಜ. ನಮ್ಮಲ್ಲಿ ಹಾಡುವವರೇ ತಾಳ ಹಾಕುತ್ತಾರೆ. ಪಿಟೀಲು, ಮೃದಂಗದವರು ಪಕ್ಕದಲ್ಲೇ ಕೂತಿರುತ್ತಾರೆ.

ಆರ್ಕೆಸ್ಟ್ರಾ ಅಂದರೆ ಪಾಶ್ಚಾತ್ಯ ಸಂಗೀತದ ದೊಡ್ಡ ವಾದ್ಯವೃಂದ, ಅದರಲ್ಲಿ ಎಂಬತ್ತು, ನೂರು ಜನ. ಹಿಂದಿನ ಡ್ರಮ್ಮಿನ ಸದ್ದು ಮುಂದಿನ ಪಿಟೀಲಿನವರಿಗೆ ಮುಟ್ಟಲು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಷ್ಟು ಹೊತ್ತು ಬೇಕು. ಕಿವಿಯನ್ನೇ ನೆಚ್ಚಿಕೊಂಡರೆ ಲಯ ಜಾರುತ್ತದೆ. ಹಾಗಾಗಿ ಕಣ್ಣಿಗೆ ಕಾಣುವ ತಾಳ ಬೇಕು. ಅದನ್ನು ಕೋಲಾಡಿಸಿ ತೋರಿಸುವವನೇ ಕಂಡಕ್ಟರ್. ಇದು ಚಿಕ್ಕ ಉತ್ತರ.

ಆದರೆ ಬರೀ ತಾಳಕ್ಕಾದರೆ ಅಷ್ಟು ದೊಡ್ಡ ಹೆಸರು ಯಾಕೆ, ಅಲ್ವಾ? ಅದಕ್ಕೆ ನಾನು ಕ್ಲಾಡಿಯೊ ಅಬ್ಬಾಡೊ ಎಂಬ ಕಂಡಕ್ಟರ್ ಅವರ ಕತೆ ಹೇಳುತ್ತೇನೆ.

1933ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಹುಟ್ಟಿದವರು. ವಿಯೆನ್ನಾದಲ್ಲಿ ಓದುವಾಗ ಮುಂದೆ ತಾವೂ ಹೆಸರಾಂತ ಕಂಡಕ್ಟರ್ ಆದ ಮುಂಬೈಯ ಜುಬಿನ್ ಮೆಹ್ತಾ ಸಹಪಾಠಿ. ದೊಡ್ಡ ಕಂಡಕ್ಟರ್‌ಗಳ ರಿಹರ್ಸಲ್ ನೋಡುವ ಆಸೆ ಇಬ್ಬರಿಗೂ, ಆದರೆ ಹೊರಗಿನವರನ್ನು ಒಳಗೆ ಬಿಡುತ್ತಿರಲಿಲ್ಲ. ಸರಿ, ಇಬ್ಬರೂ ಆರ್ಕೆಸ್ಟ್ರಾ ಜೊತೆ ಹಾಡುವ ಕೋರಸ್‌ನಲ್ಲಿ ಹಾಡಲು ಸೇರಿಕೊಂಡರು! ಕೆಲಸ ಕಲಿಯುವ ಜಾಗ ರಿಹರ್ಸಲ್ ಎಂದು ಆಗಲೇ ಗೊತ್ತಿತ್ತು ಅಂತ ಕಾಣುತ್ತೆ.

ಮುಂದೆ ಮಿಲಾನ್‌ನ ಲಾ ಸ್ಕಾಲಾ ಒಪೆರಾ ಮಂದಿರ, ಲಂಡನ್, ವಿಯೆನ್ನಾದಲ್ಲಿ ಕೆಲಸ. 1989ರಲ್ಲಿ ಜರ್ಮನಿಯ ಹೆಸರಾಂತ ಆರ್ಕೆಸ್ಟ್ರಾ ಬರ್ಲಿನ್ ಫಿಲ್‌ಹಾರ್ಮೋನಿಕ್‌ನ ವಾದಕರೇ ಮತ ಹಾಕಿ ಅವರನ್ನು ಆರಿಸಿಕೊಂಡರು. ಆದರೆ ನನಗೆ ಇದಕ್ಕಿಂತ ಜಾಸ್ತಿ ಹಿಡಿಸುವುದು ಅವರು ಹುಡುಗ ಹುಡುಗಿಯರ ಜೊತೆ ಮಾಡಿದ ಕೆಲಸ. 1978ರಲ್ಲಿ ಯುರೋಪಿಯನ್ ಕಮ್ಯೂನಿಟಿಯ (ಇಂದಿನ ಯುರೋಪಿಯನ್ ಯೂನಿಯನ್‌ನ ಹಿಂದಿನ ರೂಪ) ಯುವ ಆರ್ಕೆಸ್ಟ್ರಾ ಶುರುವಾದಾಗ ಅವರೇ ಅದರ ಮೊದಲ ಸಂಗೀತ ನಿರ್ದೇಶಕ. ಅಲ್ಲಿ ಸದಸ್ಯ ದೇಶಗಳವರಿಗೆ ಮಾತ್ರ ಜಾಗ. ಅದರ ಹೊರಗಿದ್ದ ಕಮ್ಯುನಿಸ್ಟ್ ದೇಶಗಳಾದ ಹಂಗೇರಿ, ಜೆಕೊಸ್ಲೊವಾಕಿಯಾದ ಮಕ್ಕಳು ಏನು ಮಾಡಬೇಕು? 1986ರಲ್ಲಿ ವಿಯೆನ್ನಾದಲ್ಲಿ ಸಂಗೀತ ರಚನೆಕಾರ ಗುಸ್ತಾವ್ ಮಾಹ್ಲರ್ ಹೆಸರಿನ ಯುವ ಆರ್ಕೆಸ್ಟ್ರಾವನ್ನು ಅಬ್ಬಾಡೊ ಕಟ್ಟಿದರು. ಬರ್ಲಿನ್ ಗೋಡೆ ಇನ್ನೂ ನಿಂತಿದ್ದಾಗಲೇ ಪೂರ್ವ, ಪಶ್ಚಿಮ ಯುರೋಪು ಎರಡೂ ಕಡೆಯ ಮಕ್ಕಳು ಒಂದೇ ವೇದಿಕೆಯಲ್ಲಿ ಕೂತು ನುಡಿಸಿದರು.

ಅಲ್ಲಿ ವಯಸ್ಸಿನ ಮಿತಿ 26. ಅದು ದಾಟಿದವರಿಗೆ ಜೊತೆ ಬಿಡಲು ಮನಸ್ಸಿಲ್ಲ. ಅವರೆಲ್ಲ ಸೇರಿ 1997ರಲ್ಲಿ ಮಾಹ್ಲರ್ ಚೇಂಬರ್ ಆರ್ಕೆಸ್ಟ್ರಾ ಮಾಡಿಕೊಂಡರು, ಅಬ್ಬಾಡೊ ಬೆಂಬಲಕ್ಕೆ ನಿಂತರು. 2003ರಲ್ಲಿ ಅಬ್ಬಾಡೊ ಸ್ವಿಟ್ಜರ್ಲೆಂಡಿನ ಲೂಸರ್ನ್‌ನಲ್ಲಿ ಅಲ್ಲಿನ ಸಂಗೀತ ಹಬ್ಬದ ಆರ್ಕೆಸ್ಟ್ರಾ ಕಟ್ಟುವಾಗ ಇದೇ ತಂಡವನ್ನು ಅದರ ನಡುಗಂಬ ಮಾಡಿಕೊಂಡರು.

ರಿಹರ್ಸಲ್‌ನಲ್ಲಿ ಅವರ ಮಾತು ಬಹಳ ಕಡಿಮೆ. ಅದೇ ಮಿಲಾನ್‌ನಲ್ಲಿ ಹೆಸರು ಮಾಡಿದ ಹಿಂದಿನ ತಲೆಮಾರಿನ ಕಂಡಕ್ಟರ್ ಟೊಸ್ಕನಿನಿ ಸಿಟ್ಟು ಬಂದರೆ ಕೋಲು ಮುರಿಯುತ್ತಿದ್ದರು. ಅಬ್ಬಾಡೊ ಕೇಳುತ್ತಿದ್ದುದು ಒಂದೇ: ಪಕ್ಕದವರು ನುಡಿಸುವುದನ್ನು ಕೇಳಿಸಿಕೊಳ್ಳಿ. ತಾಳಕ್ಕೆ ಕಣ್ಣು ಸಾಕು. ಆದರೆ ಕೊಳಲು ಮುಂದೆ ಬಂದಾಗ ಮೂವತ್ತು ಪಿಟೀಲುಗಳು ಎಷ್ಟು ತಗ್ಗಬೇಕು ಅನ್ನುವುದು ಯಾವ ಹಾಳೆಯಲ್ಲೂ ಪೂರ್ತಿ ಬರೆದಿರುವುದಿಲ್ಲ. ಅದನ್ನು ಕಿವಿಯೇ ತೀರ್ಮಾನಿಸಬೇಕು. ಆ ಕಿವಿ ತಯಾರು ಮಾಡುವುದಕ್ಕೇ ನನ್ನ ಪ್ರಕಾರ ಆ ಚಪ್ಪಾಳೆ.

2013ರಲ್ಲಿ ಇಟಲಿ ಅವರನ್ನು ಆಜೀವ ಸೆನೆಟರ್ (ಸಂಸತ್ತಿನ ಮೇಲ್ಮನೆಯ ಸದಸ್ಯ) ಮಾಡಿತು. ಅದರ ಸಂಬಳವನ್ನು ಫ್ಲಾರೆನ್ಸ್ ಹತ್ತಿರದ ಫಿಯೆಸೊಲೆ ಸಂಗೀತ ಶಾಲೆಯ ವಿದ್ಯಾರ್ಥಿವೇತನಕ್ಕೆ ಬಿಟ್ಟುಕೊಟ್ಟರು. 2014ರ ಜನವರಿಯಲ್ಲಿ ತೀರಿಕೊಂಡರು.

ಲೂಸರ್ನ್‌ನಲ್ಲಿ 2003ರಲ್ಲಿ ಅವರು ನಡೆಸಿದ ಮಾಹ್ಲರ್‌ನ ಎರಡನೇ ಸಿಂಫನಿಯ (ಆರ್ಕೆಸ್ಟ್ರಾಕ್ಕೆಂದೇ ಬರೆದ ದೊಡ್ಡ ಕೃತಿ) ವಿಡಿಯೊ ಇದೆ. ಪುರುಸೊತ್ತಾದಾಗ ನೋಡಿ. ಕೋಲು ಹಿಡಿದ ಬಲಗೈ ಬಿಡಿ, ಎಡಗೈ ನೋಡಿ. ಯಾರು ಮೇಲೆ ಬರಬೇಕು, ಯಾರು ತಗ್ಗಬೇಕು ಅನ್ನುವುದೆಲ್ಲ ಅದರಲ್ಲೇ ಇದೆ.