ಫಾರಂ ತುಂಬುವಾಗ ಪಕ್ಕದಲ್ಲಿ ಯಾರಿದ್ದರು?

ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ಮೊದಲೆಲ್ಲ ಖಿನ್ನತೆಯ ಪಿಎಚ್‌ಕ್ಯೂ-9 ಫಾರಂ ಅನ್ನು ವಾಟ್ಸ್‌ಆ್ಯಪ್‌ನಲ್ಲೇ ಕಳಿಸಿಬಿಡುತ್ತಿದ್ದೆ. ಒಂಬತ್ತೇ ಪ್ರಶ್ನೆ. ಕಳೆದ ಎರಡು ವಾರದಲ್ಲಿ ಮನಸ್ಸು ಕುಗ್ಗಿತ್ತಾ, ನಿದ್ದೆ ಸರಿ ಇತ್ತಾ, ಊಟ ಸೇರುತ್ತಿತ್ತಾ ಅಂತ. ಪ್ರತಿಯೊಂದಕ್ಕೂ 0ಯಿಂದ 3 ಅಂಕ, ಹೆಚ್ಚೆಂದರೆ ಒಟ್ಟು 27. ಅಂಕ ಹೆಚ್ಚಾದಷ್ಟೂ ಖಿನ್ನತೆ ಹೆಚ್ಚು. ಮನೆಯಲ್ಲೇ ತುಂಬಿದರೆ ಮಾತಿಗೆ ಹತ್ತು ನಿಮಿಷ ಜಾಸ್ತಿ ಸಿಗುತ್ತೆ ಅಲ್ವಾ ಅಂದುಕೊಂಡಿದ್ದೆ.

ಒಮ್ಮೆ ಒಬ್ಬ ಹೆಣ್ಣುಮಗಳು ಬಂದರು. ಮನೆಯಿಂದ ಬಂದ ಫಾರಂನಲ್ಲಿ ಒಟ್ಟು 6. ಅಂದರೆ ತೊಂದರೆ ಅಷ್ಟೇನಿಲ್ಲ. ಆದರೆ ಅವರು ತಲೆ ಎತ್ತುತ್ತಲೇ ಇರಲಿಲ್ಲ. ಒಂದು ಮಾತಿಗೆ ಎಷ್ಟೋ ಹೊತ್ತು. "ಫಾರಂ ತುಂಬುವಾಗ ಪಕ್ಕದಲ್ಲಿ ಯಾರಿದ್ರು?" ಅಂತ ಕೇಳಿದೆ.

"ನಮ್ಮನೆಯವ್ರು ಮೇಡಂ. ಫೋನ್ ಅವರದೇ. ಅವ್ರೇ ಓದಿದ್ರು, ನಾನು ಹೇಳ್ದಂಗೆ ಒತ್ತಿದ್ರು."

ಅದೇ ಫಾರಂ ಕಾಗದದ ಮೇಲೆ ಕೊಟ್ಟು ನಾನು ಹೊರಗೆ ಹೋದೆ. ಈ ಸಲ ಒಟ್ಟು 17. ಸತ್ತುಹೋದರೆ ಒಳ್ಳೆಯದು ಅನ್ನಿಸಿತ್ತಾ ಅಂತ ಕೇಳುವ ಒಂಬತ್ತನೇ ಪ್ರಶ್ನೆಗೆ ಮನೆಯಲ್ಲಿ 0, ಇಲ್ಲಿ 2. ಅವರ ಯಜಮಾನರು ಒಳ್ಳೆಯವರೇ. ಆದರೆ ಗಂಡ ಓದಿ ಕೇಳುವಾಗ ಈ ಪ್ರಶ್ನೆಗೆ ಹೌದು ಅಂತ ಯಾರು ತಾನೆ ಹೇಳುತ್ತಾರೆ?

ಆ ರಾತ್ರಿ ನನ್ನನ್ನು ಕಾಡಿದ್ದು ಇನ್ನೊಂದು. ಅವರು ಮನೆಯಲ್ಲೇ 2 ಒತ್ತಿ, ಅದು ಶನಿವಾರ ಸಂಜೆ ಬಂದಿದ್ದರೆ? ನಾನು ನೋಡುತ್ತಿದ್ದದ್ದು ಸೋಮವಾರ.

ಈಗ ಮೊದಲ ಫಾರಂ ಕ್ಲಿನಿಕ್‌ನಲ್ಲೇ. ಆಮೇಲಿನವು ಮನೆಗೆ ಹೋಗಬಹುದು. ನನ್ನ ಎದುರಿಗಿಂತ ಮನೆಯಲ್ಲೇ ಬಿಚ್ಚುಮನಸ್ಸಿನಿಂದ ಬರೆಯುವವರೂ ಇದ್ದಾರೆ, ಎರಡು ಬಸ್ ಹಿಡಿದು ಬರುವವರೂ ಇದ್ದಾರೆ. ಆದರೆ ಮನೆಗೆ ಕಳಿಸುವುದು ಪಿಎಚ್‌ಕ್ಯೂ-8. ಅದರಲ್ಲಿ ಒಂಬತ್ತನೇ ಪ್ರಶ್ನೆ ಇಲ್ಲ. ಅದನ್ನು ನಾನೇ ಎದುರು ಕೂತು ಕೇಳುತ್ತೇನೆ. ಫಾರಂ ಜೊತೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಕಳಿಸುತ್ತೇನೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಕಳಿಸುವ ಮುಂಚೆ ಫೋನ್ ಯಾರದ್ದು, ಬಾಗಿಲು ಹಾಕಿಕೊಳ್ಳಲು ಒಂದು ರೂಮ್ ಇದೆಯಾ ಅಂತ ಕೇಳುತ್ತೇನೆ. ಇಲ್ಲ ಅಂದರೆ ಕಾಲು ಗಂಟೆ ಮುಂಚೆ ಬನ್ನಿ ಅನ್ನುತ್ತೇನೆ.

ವ್ಯಕ್ತಿತ್ವ ಅಳೆಯುವ ಎಂಎಂಪಿಐ-2 ಥರದ ದೊಡ್ಡ ಪರೀಕ್ಷೆಗಳನ್ನು ಮಾತ್ರ ಎಷ್ಟೇ ಕೇಳಿಕೊಂಡರೂ ಮನೆಗೆ ಕೊಡುವುದಿಲ್ಲ. 567 ಹೇಳಿಕೆಗಳಿಗೆ ಸರಿ-ತಪ್ಪು ಹಾಕಬೇಕು. ಸುಸ್ತಾಗಿ ಸುಮ್ನೆ ಟಿಕ್ ಹಾಕಿದರಾ, ಮನೆಯವರನ್ನು ಕೇಳಿ ಹಾಕಿದರಾ ಅಂತ ನನಗೆ ತಿಳಿಯುವುದು ಹೇಗೆ?

ಆ ಹೆಣ್ಣುಮಗಳು ಈಗಲೂ ಬರುತ್ತಾರೆ, ಕಾಲು ಗಂಟೆ ಮುಂಚೆ. ಅವರು ಒಳಗೆ ಕೂತು ಬರೆಯುವಷ್ಟು ಹೊತ್ತು ಯಜಮಾನರು ಹೊರಗೆ ಬೈಕ್ ಹತ್ತಿರ ಕಾಯುತ್ತಾರೆ.